ಸಂಜೆ ಆರರ ನಂತರ ಹಣ ಹೊರಡುವಂತಿಲ್ಲ

ನಮ್ಮ ಶಾಖೆಯ ಎರಡು ಬಾಗಿಲುಗಳ ಬಗ್ಗೆ ಮೊದಲು ಹೇಳಿಬಿಡುತ್ತೇನೆ. ಒಂದು ಸ್ಟ್ರಾಂಗ್ ರೂಮಿನದು. ಎಷ್ಟೇ ದೊಡ್ಡ ಅಧಿಕಾರಿ ಬಂದು ನಿಂತರೂ ಅದನ್ನು ಒಬ್ಬರೇ ತೆರೆಯಲಾಗದು. ಒಂದು ಕೀಲಿಕೈ ವ್ಯವಸ್ಥಾಪಕರ ಬಳಿ, ಇನ್ನೊಂದು ನನ್ನ ಬಳಿ. ಎರಡೂ ತಿರುಗಿದ ಮೇಲೆಯೇ ಹಿಡಿಕೆ ಕದಲುತ್ತದೆ. ಇನ್ನೊಂದು ಹಿಂಭಾಗದ ಶೌಚಾಲಯದ್ದು. ಅದನ್ನು ಯಾರು ಬೇಕಾದರೂ ಯಾವಾಗ ಬೇಕಾದರೂ ತೆರೆಯಬಹುದಿತ್ತು, ಏಕೆಂದರೆ ಒಳಚಿಲಕ ಕಿತ್ತುಹೋಗಿ ಹದಿನಾಲ್ಕು ತಿಂಗಳಾಗಿತ್ತು. ಶಾಖೆಯಲ್ಲಿ ಹೆಂಗಸರು ನಾವು ಇಬ್ಬರೇ. ಒಬ್ಬಳು ಒಳಗೆ ಹೋದರೆ ಇನ್ನೊಬ್ಬಳು ಹಳೆಯ ಲೆಡ್ಜರ್‌ಗಳ ರಾಶಿಯ ಪಕ್ಕ ನಿಂತು ಕಾಯಬೇಕು, ಯಾರಾದರೂ ಆ ಕಡೆ ಬಂದರೆ ಕೆಮ್ಮಬೇಕು. ಕೆಮ್ಮಿ ಕೆಮ್ಮಿ ನನಗೆ ನಿಜವಾಗಿಯೇ ಕೆಮ್ಮು ಇದೆ ಎಂದು ನಮ್ಮ ಜವಾನ ತುಳಸಿ ಎಲೆ ತಂದುಕೊಟ್ಟಿದ್ದ.

ನಾನು ಒಂದು ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಕ್ಯಾಷಿಯರ್. ಹದಿನೇಳು ವರ್ಷವಾಯಿತು. ಮನೆ ಬೀದರಿನಲ್ಲಿ, ಶಾಖೆ ಔರಾದ್ ರಸ್ತೆಯ ಒಂದು ಹಳ್ಳಿಯಲ್ಲಿ. ಹಳ್ಳಿಯ ಹೆಸರನ್ನೂ ಬ್ಯಾಂಕಿನ ಹೆಸರನ್ನೂ ಬರೆಯುವುದಿಲ್ಲ. ಭದ್ರತೆಯ ಬಗ್ಗೆ ಬರೆಯಲು ಕುಳಿತವಳು ಬೀಗ ಎಲ್ಲಿದೆ ಎಂದು ಊರಿಗೆಲ್ಲ ಹೇಳಿದರೆ ಹೇಗೆ? ಸೋಯಾ, ತೊಗರಿ, ಉದ್ದು ಬೆಳೆಯುವ ಊರು. ಕೌಂಟರಿಗೆ ಬರುವವರು ಕನ್ನಡ, ಮರಾಠಿ, ಉರ್ದು ಮೂರನ್ನೂ ಆಡುತ್ತಾರೆ, ಒಬ್ಬಿಬ್ಬರು ತೆಲುಗು ಕೂಡ. ಹೀಗಾಗಿ ನನಗೆ ನಾಲ್ಕು ಭಾಷೆಗಳಲ್ಲಿ ಲೆಕ್ಕ ಹೇಳಲು ಬರುತ್ತದೆ, ನಾಲ್ಕು ಭಾಷೆಗಳ ಬೈಗುಳ ಅರ್ಥವಾಗುತ್ತದೆ.

ಕೀಲಿಕೈ ಹಿಡಿದವರ ಬದುಕು ಹೊರಗಿನವರಿಗೆ ತಿಳಿಯುವುದಿಲ್ಲ. ಅದನ್ನು ಎಲ್ಲಿ ಇಡುತ್ತೇನೆ ಎಂಬುದು ನನ್ನ ಗಂಡನಿಗೂ ಗೊತ್ತಿಲ್ಲ, ಗೊತ್ತಿರಬಾರದು. ನಾನೂ ವ್ಯವಸ್ಥಾಪಕರೂ ಒಂದೇ ವಾಹನದಲ್ಲಿ ದೂರದ ಪ್ರಯಾಣ ಮಾಡುವುದಿಲ್ಲ, ಹೀಗಾಗಿ ಸಹೋದ್ಯೋಗಿಗಳ ಮದುವೆಗೆ ಒಬ್ಬರು ಮುಹೂರ್ತಕ್ಕೆ ಹೋದರೆ ಇನ್ನೊಬ್ಬರು ಆರತಕ್ಷತೆಗೆ. ನಾಲ್ಕು ವರ್ಷದ ಹಿಂದೆ ಅತ್ತೆಯನ್ನು ಝರಣಿ ನರಸಿಂಹ ಸ್ವಾಮಿಯ ದರ್ಶನಕ್ಕೆ ಕರೆದುಕೊಂಡು ಹೋಗಿದ್ದೆ. ಅಲ್ಲಿಗೆ ಹೋದವರಿಗೆ ಗೊತ್ತು: ಸುಮಾರು 300 ಮೀಟರ್ ಉದ್ದದ ಗುಹೆ, ಎದೆಮಟ್ಟದ ನೀರು, ಬಾವಲಿಗಳು, ಆ ನೀರಿನಲ್ಲಿ ನಡೆದೇ ದೇವರ ಮುಂದೆ ನಿಲ್ಲಬೇಕು. ಎಲ್ಲರೂ ಚಪ್ಪಲಿ, ಕೈಗಡಿಯಾರ, ಪರ್ಸು ಬಿಚ್ಚಿ ಹೊರಗೆ ಕುಳಿತವರ ಕೈಗೆ ಕೊಟ್ಟರು. ನಾನು ಕೀಲಿಕೈಯನ್ನು ಯಾರ ಕೈಗೆ ಕೊಡಲಿ? ನೀರಿಗೆ ಬಿದ್ದರೆ ನರಸಿಂಹನೇ ಹುಡುಕಿಕೊಡಬೇಕು. ‘ನನಗೆ ಉಸಿರು ಕಟ್ಟುತ್ತದೆ, ನೀವು ಹೋಗಿಬನ್ನಿ’ ಎಂದು ಸುಳ್ಳು ಹೇಳಿ ಮೆಟ್ಟಿಲ ಮೇಲೆ ಕುಳಿತೆ. ಒದ್ದೆ ಸೀರೆಯಲ್ಲಿ ಹೊರಬಂದ ಅತ್ತೆ, ‘ಬ್ಯಾಂಕಿನ ದೇವರು ದೊಡ್ಡದು ಬಿಡು’ ಎಂದರು. ಅವರಿಗೆ ಹೇಗೆ ತಿಳಿಯಿತೋ!

2025ರ ಜನವರಿ 16ರವರೆಗೂ ಇವೆಲ್ಲ ನನಗೆ ತಮಾಷೆಯ ಸಂಗತಿಗಳಾಗಿಯೇ ಇದ್ದವು. ಸಂಕ್ರಾಂತಿ ಮುಗಿದು ಎರಡನೆಯ ದಿನ, ಗುರುವಾರ. ಬೀದರಿನ ಶಿವಾಜಿ ಚೌಕದ ಹತ್ತಿರ, ಬೆಳಿಗ್ಗೆ ಹನ್ನೊಂದರ ಸುಮಾರಿಗೆ, ಎಟಿಎಂಗಳಿಗೆ ತುಂಬಲು ಹಣದ ಪೆಟ್ಟಿಗೆಯನ್ನು ವಾಹನಕ್ಕೆ ಏರಿಸುತ್ತಿದ್ದವರ ಮೇಲೆ ಬೈಕಿನಲ್ಲಿ ಬಂದ ಇಬ್ಬರು ಖಾರದ ಪುಡಿ ಎರಚಿ, ಗುಂಡು ಹಾರಿಸಿ, ಪೆಟ್ಟಿಗೆಯನ್ನು ಬೈಕಿನ ಮೇಲೆ ಇಟ್ಟುಕೊಂಡು ಹೋದರು. ಒಬ್ಬ ನೌಕರರು ಸತ್ತರು, ಇನ್ನೊಬ್ಬರು ತೀವ್ರವಾಗಿ ಗಾಯಗೊಂಡರು. ನಾನು ಚಿಕ್ಕವಳಿದ್ದಾಗಿನಿಂದ ದಾಟಿ ಓಡಾಡಿದ ರಸ್ತೆ ಅದು. ಮೊಬೈಲಿನಲ್ಲಿ ವಿಡಿಯೊ ಬಂದಾಗ ಗುಂಡಿನ ಸದ್ದಿಗಿಂತ ನನ್ನನ್ನು ನಡುಗಿಸಿದ್ದು ಆ ಹಗಲಿನ ಬೆಳಕು. ನೆರಳು ಕೂಡ ಸರಿಯಾಗಿ ಕಾಣುತ್ತಿತ್ತು.

ಆ ದಿನ ನಮ್ಮ ಶಾಖೆಯಲ್ಲಿ ಮೊದಲು ಬಂದ ಪ್ರಶ್ನೆ ‘ಎಷ್ಟು ಹೋಯಿತು?’ ಎಂಬುದು. ನಾನೇ ಕೇಳಿದ್ದು. ಕ್ಯಾಷಿಯರ್ ಬುದ್ಧಿ. ಟಿವಿಯಲ್ಲಿ ಮೊದಲು 93 ಲಕ್ಷ ಎಂದರು, ಆಮೇಲೆ ತಿದ್ದಿ 83 ಲಕ್ಷ ಎಂದರು. ಎರಡು ದಿನ ಎಲ್ಲರೂ ಆ ಹತ್ತು ಲಕ್ಷದ ವ್ಯತ್ಯಾಸವನ್ನೇ ಮಾತನಾಡಿದರು. ಸತ್ತವರ ಮನೆಯಲ್ಲಿ ಯಾರಿದ್ದಾರೆ ಎಂದು ನಮ್ಮಲ್ಲಿ ಮೊದಲು ಕೇಳಿದವನು ತುಳಸಿ ಎಲೆ ತರುವ ನಮ್ಮ ಜವಾನ. ನಾನಲ್ಲ. ಅದು ಇಂದಿಗೂ ಚುಚ್ಚುತ್ತದೆ.

ಮರುವಾರ ನಾನು ನಿಯಮಗಳನ್ನು ಹುಡುಕಿ ಓದಲು ಕುಳಿತೆ. ಹಣ ಸಾಗಿಸುವ ಖಾಸಗಿ ಸಂಸ್ಥೆಗಳಿಗಾಗಿ ಕೇಂದ್ರ ಗೃಹ ಸಚಿವಾಲಯ 2018ರಲ್ಲಿ ಮಾಡಿದ ನಿಯಮಗಳಿವೆ. ಒಂದು ವಾಹನದಲ್ಲಿ ಐದು ಕೋಟಿಗಿಂತ ಹೆಚ್ಚು ಹಣ ಇರಬಾರದು. ಚಾಲಕನ ಜೊತೆಗೆ ಇಬ್ಬರು ಕಾವಲುಗಾರರು, ಹಣದ ಜವಾಬ್ದಾರಿ ಹೊತ್ತ ಇಬ್ಬರು ನೌಕರರು ಇರಬೇಕು. ನಗರಗಳಲ್ಲಿ ರಾತ್ರಿ 9ರ ನಂತರ ಎಟಿಎಂಗೆ ಹಣ ತುಂಬುವಂತಿಲ್ಲ, ಹಳ್ಳಿಗಳಲ್ಲಿ ಸಂಜೆ 6ರ ನಂತರ ತುಂಬುವಂತಿಲ್ಲ, ನಕ್ಸಲ್ ಪೀಡಿತ ಪ್ರದೇಶಗಳಲ್ಲಿ 4ರ ನಂತರವೇ ಇಲ್ಲ. ಅದೇ ವರ್ಷ ರಿಸರ್ವ್ ಬ್ಯಾಂಕ್ ಹೊರಡಿಸಿದ ಸುತ್ತೋಲೆಯಲ್ಲಿ ವಾಹನಕ್ಕೆ ಜಿಪಿಎಸ್ ಇರಬೇಕು, ಸೈರನ್ ಇರಬೇಕು, ಟ್ಯೂಬ್ ಇಲ್ಲದ ಟೈರ್ ಇರಬೇಕು ಎಂದಿದೆ. ಟೈರಿನವರೆಗೂ ಯೋಚಿಸಿದ್ದಾರಲ್ಲ ಎಂದು ನನಗೆ ಮೆಚ್ಚುಗೆಯಾಯಿತು. ಅಪ್ಪಟ ಮೆಚ್ಚುಗೆಯೇ. ಯಾರೋ ಕುಳಿತು, ಕತ್ತಲಾದರೆ ಏನಾಗಬಹುದು, ಟೈರ್ ಪಂಕ್ಚರ್ ಆದರೆ ಏನಾಗಬಹುದು ಎಂದು ಹಣದ ಪರವಾಗಿ ಭಯಪಟ್ಟಿದ್ದಾರೆ.

ಹಾಗೆ ಓದುತ್ತಾ ಗಡಿಯಾರ ನೋಡಿದೆ. ಆರೂಕಾಲು. ದಿನದ ಲೆಕ್ಕ ಇನ್ನೂ ತಾಳೆಯಾಗಿರಲಿಲ್ಲ. ಹಣ ಸಂಜೆ ಆರಕ್ಕೆ ಹಳ್ಳಿಯಲ್ಲಿ ಹೊರಡುವಂತಿಲ್ಲ. ಆ ಹಣವನ್ನು ಎಣಿಸಿ ಒಳಗಿಟ್ಟು, ಕೀಲಿಕೈ ಹಿಡಿದುಕೊಂಡು, ಟಿಫಿನ್ ಡಬ್ಬಿಯ ಚೀಲ ಹೆಗಲಿಗೆ ಹಾಕಿಕೊಂಡು, ದೀಪವಿಲ್ಲದ ರಸ್ತೆಯಲ್ಲಿ ನಾನು ಆರೂ ಮುಕ್ಕಾಲಿಗೆ ಹೊರಡುತ್ತೇನೆ.

ಮೊದಲು ಹೀಗಿರಲಿಲ್ಲ. ನಮ್ಮಲ್ಲಿ ಒಬ್ಬ ಹವಲ್ದಾರ್ ಕಾಕಾ ಇದ್ದರು. ಸೈನ್ಯದಿಂದ ನಿವೃತ್ತರಾಗಿ ಬ್ಯಾಂಕಿನ ಕಾವಲಿಗೆ ಸೇರಿದವರು. ಜೋಡಿ ನಳಿಗೆಯ ಹನ್ನೆರಡು ಬೋರ್ ಬಂದೂಕು, ಎದೆಗೆ ಅಡ್ಡವಾಗಿ ತೋಟೆಗಳ ಪಟ್ಟಿ, ಇಸ್ತ್ರಿ ಮುರಿಯದ ಅಂಗಿ. ಅವರು ಎಂದೂ ಬಾಗಿಲಿಗೆ ಬೆನ್ನು ಮಾಡಿ ಕುಳಿತವರಲ್ಲ. ಕುರ್ಚಿಯನ್ನು ಬಾಗಿಲಿನ ಎದುರಿಗೂ ಇಡುತ್ತಿರಲಿಲ್ಲ. ಬದಿಯ ಗೋಡೆಗೆ ಒರಗಿಸಿ, ಒಳಗೆ ಬರುವವನಿಗೆ ತಾವು ಕಾಣುವ ಮೊದಲೇ ಅವನು ತಮಗೆ ಕಾಣುವಂತೆ ಕೂರುತ್ತಿದ್ದರು. ‘ಮಗಳೇ, ಮುಖ ನೋಡಬೇಡ, ಕೈ ನೋಡು’ ಎನ್ನುತ್ತಿದ್ದರು. ‘ಮುಖ ಎಲ್ಲರೂ ನೆಟ್ಟಗೆ ಇಟ್ಟುಕೊಳ್ಳುತ್ತಾರೆ. ಕೆಲಸವಿಲ್ಲದೆ ಬಂದವನಿಗೆ ಕೈ ಎಲ್ಲಿ ಇಡಬೇಕು ಎಂದು ತಿಳಿಯುವುದಿಲ್ಲ.’ ಇಂದಿಗೂ ನಾನು ಕೌಂಟರಿನ ಆಚೆ ಮೊದಲು ನೋಡುವುದು ಕೈಯನ್ನು. ಪಾಸ್‌ಬುಕ್ ಹಿಡಿದ ಕೈ, ಸ್ಲಿಪ್ ಹಿಡಿದ ಕೈ, ಬೆವರಿನಿಂದ ಒದ್ದೆಯಾದ ನೋಟು ಹಿಡಿದ ಕೈ. ಖಾಲಿ ಕೈ ಕಂಡರೆ ಆಮೇಲೆ ಮುಖ.

ಪ್ರತಿ ಸಂಜೆ ಕಾಕಾ ನಮ್ಮನ್ನು ಬಸ್ ನಿಲ್ಲುವ ಜಾಗದವರೆಗೂ ಬಿಟ್ಟು ಬರುತ್ತಿದ್ದರು. ಅದು ಅವರ ಕರ್ತವ್ಯದಲ್ಲಿ ಇರಲಿಲ್ಲ. ಬಂದೂಕನ್ನು ಒಳಗಿಟ್ಟು, ಬರಿಗೈಯಲ್ಲಿ, ಬ್ಯಾಟರಿ ಹಿಡಿದು ಬರುತ್ತಿದ್ದರು. 2019ರಲ್ಲಿ ಅವರು ನಿವೃತ್ತರಾದರು. ಅವರ ಜಾಗಕ್ಕೆ ಯಾರೂ ಬರಲಿಲ್ಲ, ಎಂಟು ಕ್ಯಾಮೆರಾಗಳು ಬಂದವು. ಬಂದೂಕು, ತೋಟೆ, ಪಟ್ಟಿ ಎಲ್ಲವನ್ನೂ ಎಣಿಸಿ ರಸೀದಿ ಮಾಡಿ ಕಳುಹಿಸಿಕೊಟ್ಟೆವು. ಆ ರಸೀದಿಯನ್ನು ಬರೆದವಳು ನಾನೇ. ಬಸ್ ನಿಲ್ದಾಣದವರೆಗಿನ ಆ ಇನ್ನೂರು ಹೆಜ್ಜೆ ಯಾವ ಪಟ್ಟಿಯಲ್ಲೂ ಇರಲಿಲ್ಲವಾದ್ದರಿಂದ, ಅದು ಕಡಿಮೆಯಾಯಿತು ಎಂದು ಯಾರ ಲೆಕ್ಕಕ್ಕೂ ಬರಲಿಲ್ಲ.

ಕ್ಯಾಮೆರಾಗಳನ್ನು ನಾನು ಹಳಿಯುವುದಿಲ್ಲ. ಒಮ್ಮೆ ಐದು ಸಾವಿರ ಕಡಿಮೆ ಬಂದಾಗ ನನ್ನ ಮಾನ ಉಳಿಸಿದ್ದು ಕ್ಯಾಮೆರಾವೇ. ಆದರೆ ಎಂಟರಲ್ಲಿ ಏಳು ಒಳಗಿವೆ, ಒಂದು ಹೊರಗಿದೆ, ಅದು ಶಟರಿನ ಕಡೆಗೆ ಮುಖ ಮಾಡಿದೆ. ರಸ್ತೆಯ ಕಡೆಗೆ ಯಾವುದೂ ಇಲ್ಲ.

ಇನ್ನು ಸೈರನ್ನಿನ ಕಥೆ. ಕೌಂಟರಿನ ಕೆಳಗೆ ಕಾಲಿನಿಂದ ಒತ್ತುವ ಗುಂಡಿ ಇರುತ್ತದೆ ಎಂಬುದು ಎಲ್ಲರಿಗೂ ತಿಳಿದ ಗುಟ್ಟು. ಶಿವಾಜಿ ಚೌಕದ ಘಟನೆಯ ನಂತರ ಅದನ್ನು ಪರೀಕ್ಷಿಸಿ ವರದಿ ಕಳುಹಿಸಿ ಎಂದು ಮೇಲಿನಿಂದ ಆದೇಶ ಬಂತು. ಮಧ್ಯಾಹ್ನ ಒಂದೂವರೆಗೆ ಒತ್ತಿದೆ. ಎರಡು ನಿಮಿಷ ಊರೆಲ್ಲ ಕೇಳುವಂತೆ ಕೂಗಿತು. ಎದುರಿನ ಹೋಟೆಲಿನ ಹುಡುಗ ಒಬ್ಬ ಬಂದು ಗ್ರಿಲ್ ಹಿಡಿದು, ‘ಊಟದ ಹೊತ್ತಾಯಿತೇ ಮೇಡಂ?’ ಎಂದು ಕೇಳಿದ. ಕಾರ್ಖಾನೆಯ ಭೋಂಗಾ ಎಂದುಕೊಂಡಿದ್ದನಂತೆ. ಬೇರೆ ಯಾರೂ ಬರಲಿಲ್ಲ. ವರದಿಯಲ್ಲಿ ‘ಸೈರನ್ ಸುಸ್ಥಿತಿಯಲ್ಲಿದೆ’ ಎಂದು ಬರೆದೆವು. ಸುಳ್ಳೇನಲ್ಲ, ಸೈರನ್ ಸುಸ್ಥಿತಿಯಲ್ಲಿಯೇ ಇತ್ತು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮರುದಿನ ಊಟದ ವಿರಾಮದಲ್ಲಿ ನಾನೂ ಜವಾನನೂ ಅಕ್ಕಪಕ್ಕದ ಅಂಗಡಿಗಳಿಗೆ ಹೋದೆವು. ಹೋಟೆಲು, ಕಿರಾಣಿ, ಗೊಬ್ಬರದ ಅಂಗಡಿ, ರಸ್ತೆಯಾಚೆಯ ಹಿಟ್ಟಿನ ಗಿರಣಿ, ಪಂಕ್ಚರ್ ಹಾಕುವ ಮಾಮು. ಸೈರನ್ ಎಂದರೆ ಏನು ಎಂದು ಹೇಳಿದೆ. ಕಿರಾಣಿ ಅಂಗಡಿಯವರು ತಕ್ಕಡಿಯ ಕಬ್ಬಿಣದ ಕಲ್ಲು ಎತ್ತಿ ತೋರಿಸಿ, ‘ನಾವೆಲ್ಲ ಒಳಗೆ ನುಗ್ಗುತ್ತೇವೆ ಅಕ್ಕಾ’ ಎಂದರು. ಬೇಡ ಎಂದು ಕೈ ಮುಗಿದೆ. ಯಾರೂ ಒಳಗೆ ಬರಬಾರದು. ಇಂದಿನ ಕಳ್ಳನ ಕೈಯಲ್ಲಿ ಪಿಸ್ತೂಲು ಇರುತ್ತದೆ, ಸಿಕ್ಕಿಬಿದ್ದವನು ಅದನ್ನು ಬಳಸುತ್ತಾನೆ. ಅವರು ಮಾಡಬೇಕಾದ್ದು ಮೂರೇ: ತಮ್ಮ ಶಟರ್ ಇಳಿಸುವುದು, 112ಕ್ಕೆ ಕರೆ ಮಾಡುವುದು, ನಿಂತ ಗಾಡಿಯ ನಂಬರು, ಹೋದ ದಿಕ್ಕು ನೆನಪಿಟ್ಟುಕೊಳ್ಳುವುದು. ಗಾಡಿಯ ನಂಬರನ್ನು ಮಾಮುವಿಗೆ ವಹಿಸಿದೆ. ಅವರು ಹೇಗೂ ದಿನವಿಡೀ ಚಕ್ರಗಳನ್ನೇ ನೋಡುತ್ತಾರೆ.

ಇದೆಲ್ಲ ದರೋಡೆಯ ಭಯ. ಹದಿನೇಳು ವರ್ಷದಲ್ಲಿ ನನ್ನ ಮೇಲೆ ದರೋಡೆ ಆಗಿಲ್ಲ. ಆಗಿರುವುದು ಬೇರೆ.

ಕಳೆದ ನವೆಂಬರಿನಲ್ಲಿ ಒಂದು ದಿನ ಮೂರೂವರೆಯ ಹೊತ್ತಿಗೆ ಒಬ್ಬ ಬಂದ. ಮೊದಲು ಕಂಡದ್ದು ಕೈ: ಪಾಸ್‌ಬುಕ್ಕನ್ನು ಸುರುಳಿ ಸುತ್ತಿ ಹಿಡಿದಿದ್ದ. ಪಾಸ್‌ಬುಕ್ ಹೆಂಡತಿಯದು. ಗೃಹಲಕ್ಷ್ಮಿಯ ಎರಡು ಸಾವಿರ ಬಂದಿರಬೇಕು, ಕೊಡಿ ಎಂದ. ಖಾತೆಯವರೇ ಬರಬೇಕು ಎಂದೆ. ಅವಳಿಗೆ ಮೈ ಸರಿ ಇಲ್ಲ ಎಂದ. ಗಾಜಿನ ಕೆಳಗಿನ ಕಂಡಿಯಿಂದ ಸೆರೆಯ ವಾಸನೆ ಬರುತ್ತಿತ್ತು. ಇಲ್ಲಣ್ಣ, ಆಗುವುದಿಲ್ಲ, ನಾಳೆ ಅವರನ್ನೇ ಕಳುಹಿಸಿ ಎಂದೆ. ಆತ ಒಂದು ಹೆಜ್ಜೆ ಹಿಂದೆ ಸರಿದ. ಹೋದ ಎಂದುಕೊಂಡು ಮುಂದಿನವರ ಸ್ಲಿಪ್ ತೆಗೆದುಕೊಂಡೆ. ಅಂಗೈಯಿಂದ ಗಾಜಿಗೆ ಹೊಡೆದ. ಗಾಜು ಒಡೆದು ಚೂರಾಗಿ ಬೀಳಲಿಲ್ಲ. ಮಧ್ಯದಿಂದ ಮೂಲೆಯವರೆಗೆ ಒಂದು ಗೆರೆ ಮೂಡಿ, ಅದು ನನ್ನ ಕಣ್ಣೆದುರೇ, ಬಿಸಿಲಿಗೆ ನೆಲ ಬಿರಿದ ಹಾಗೆ, ಕವಲೊಡೆಯುತ್ತಾ ಮೇಲಕ್ಕೆ ಹೋಯಿತು. ಆ ಗೆರೆ ನಿಲ್ಲುವವರೆಗೂ ನಾನು ಅದನ್ನೇ ನೋಡುತ್ತಿದ್ದೆ. ಸೈರನ್ ಗುಂಡಿ ಕಾಲಿನ ಹತ್ತಿರವೇ ಇತ್ತು, ನೆನಪಾಗಲೇ ಇಲ್ಲ. ಸಾಲಿನಲ್ಲಿದ್ದವರು ಆತನನ್ನು ಹಿಡಿದು ಹೊರಗೆ ಹಾಕಿದರು.

ವ್ಯವಸ್ಥಾಪಕರು ನೀರು ತರಿಸಿಕೊಟ್ಟರು. ಒಳ್ಳೆಯವರು. ಆದರೆ ಮೊದಲು ‘ನಗದು ಸರಿ ಇದೆಯಲ್ಲ?’ ಎಂದು ಕೇಳಿಯೇ ನೀರು ತರಿಸಿದ್ದು.

ಆರೂ ಮುಕ್ಕಾಲಿಗೆ ನಾನು ಬಸ್ಸಿಗೆ ಹೊರಟೆ. ನವೆಂಬರಿನಲ್ಲಿ ಆ ಹೊತ್ತಿಗೆ ಪೂರ್ತಿ ಕತ್ತಲು. ಬಸ್ ನಿಲ್ಲುವ ಕಡೆ ಕಲ್ಲಿನ ಮೇಲೆ ಒಬ್ಬ ಕುಳಿತಿದ್ದ. ಆತನೇ. ಅಮಲು ಇಳಿದಿತ್ತು, ದನಿ ಮೆತ್ತಗಿತ್ತು. ‘ಮೇಡಂ, ನಿಮ್ಮ ಮನೆ ಗುಂಪಾ ಕಡೆ ಅಲ್ಲವೇ?’ ಎಂದ. ಗುಂಪಾ ಎಂದರೆ ಬೀದರಿನ ಒಂದು ಬಡಾವಣೆ. ಅಷ್ಟೇ. ಬೈಗುಳವಿಲ್ಲ, ಬೆದರಿಕೆ ಇಲ್ಲ. ಗಾಜು ಒಡೆದಾಗ ಬಾರದ ನಡುಕ ಆಗ ಬಂತು. ನಾನು ಉತ್ತರ ಕೊಡದೆ ರಸ್ತೆ ದಾಟಿ ಗಿರಣಿಯೊಳಗೆ ನಡೆದೆ. ಗಿರಣಿ ನಡೆಸುವ ಅವ್ವ ಮುಖ ನೋಡಿದರು, ಏನೂ ಕೇಳಲಿಲ್ಲ, ಜೋಳದ ಚೀಲದ ಮೇಲೆ ಕೂರಿಸಿದರು. ಬೆಲ್ಟು ತಿರುಗುತ್ತಿತ್ತು, ಬಿಸಿ ಹಿಟ್ಟಿನ ವಾಸನೆ. ಬಸ್ಸು ಬಂದಾಗ ಅವರೇ ರಸ್ತೆಯ ಮಧ್ಯೆ ನಿಂತು ಕೈ ಅಡ್ಡ ಮಾಡಿ ಗಿರಣಿಯ ಬಾಗಿಲಿಗೇ ನಿಲ್ಲಿಸಿದರು. ಹತ್ತಿ ಕುಳಿತ ಮೇಲೆ ನೋಡಿಕೊಂಡರೆ ಸೀರೆಗೆಲ್ಲ ಹಿಟ್ಟು. ಶಕ್ತಿ ಯೋಜನೆ ಬಂದ ಮೇಲೆ ಬಸ್ಸು ಹೆಂಗಸರಿಂದ ತುಂಬಿರುತ್ತದೆ, ನಿಲ್ಲಲು ಜಾಗವಿರುವುದಿಲ್ಲ ಎಂದು ನಾನೂ ಗೊಣಗಿದವಳೇ. ಅಂದು ಆ ನೂಕುನುಗ್ಗಲು ಹಿತವಾಗಿತ್ತು.

ಮರುದಿನ ಘಟನೆಯ ವರದಿ ತುಂಬಬೇಕಾಯಿತು. ಮೇಲಿನ ಕಚೇರಿಯ ನಮೂನೆ ಇದೆ. ನಗದು ನಷ್ಟ: ಇಲ್ಲ. ಒಡವೆ ನಷ್ಟ: ಇಲ್ಲ. ದಾಖಲೆ ನಷ್ಟ: ಇಲ್ಲ. ಆಸ್ತಿ ನಷ್ಟ: ಕೌಂಟರ್ ಗಾಜು, 1. ವಿಮೆ ಕೋರಲಾಗುವುದೇ? ಕೊನೆಯ ಸಾಲಿನವರೆಗೆ ಹುಡುಕಿದೆ. ಸಿಬ್ಬಂದಿಗೆ ಏನಾಯಿತು ಎಂಬ ಕಾಲಂ ಇರಲಿಲ್ಲ. ಕಲ್ಲಿನ ಮೇಲೆ ಕುಳಿತು ಮನೆ ಎಲ್ಲಿ ಎಂದು ಕೇಳಿದ್ದನ್ನು ಬರೆಯಲು ‘ಇತರೆ’ ಕೂಡ ಇರಲಿಲ್ಲ. ಹತ್ತು ದಿನದಲ್ಲಿ ಉತ್ತರ ಬಂತು: ಗಾಜಿಗೆ ಮೂರು ದರಪಟ್ಟಿ ಕಳುಹಿಸಿ.

ಪೊಲೀಸ್ ದೂರು ಬೇಡ, ಊರಿನವರ ಜೊತೆ ವ್ಯವಹಾರ ಕೆಡುತ್ತದೆ ಎಂದು ಶಾಖೆಯಲ್ಲಿ ಒಂದಿಬ್ಬರು ಹೇಳಿದರು. ನಾನು ಕೊಟ್ಟೆ. ಸರ್ಕಾರಿ ಬ್ಯಾಂಕಿನ ನೌಕರರೂ ಕಾನೂನಿನ ಕಣ್ಣಿಗೆ ಸಾರ್ವಜನಿಕ ಸೇವಕರೇ. ಕೆಲಸದಲ್ಲಿರುವಾಗ ಕೈ ಮಾಡಿದರೆ, ಹಿಂದೆ ಭಾರತೀಯ ದಂಡ ಸಂಹಿತೆಯ 353 ಎನ್ನುತ್ತಿದ್ದುದು, 2024ರ ಜುಲೈಯಿಂದ ಭಾರತೀಯ ನ್ಯಾಯ ಸಂಹಿತೆಯ 132. ಇದು ಠಾಣೆಯ ಮುಖ್ಯ ಪೇದೆಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಆತನನ್ನು ಕರೆಸಿದರು. ಆಮೇಲೆ ಆತ ಬಸ್ಸಿನ ಕಲ್ಲಿನ ಹತ್ತಿರ ಕಾಣಿಸಲಿಲ್ಲ.

ಆತನ ಹೆಂಡತಿ ವಾರದ ನಂತರ ಬಂದಳು. ಹೆಬ್ಬೆಟ್ಟು ಒತ್ತಿ ಎರಡು ಸಾವಿರ ತೆಗೆದುಕೊಂಡಳು, ಎಣಿಸಿದಳು, ರವಿಕೆಯೊಳಗೆ ಇಟ್ಟುಕೊಂಡಳು. ಹೊರಡುವ ಮುನ್ನ, ಟೇಪು ಅಂಟಿಸಿದ ಗಾಜನ್ನು ಬೆರಳಿನಿಂದ ಮುಟ್ಟಿ, ‘ನಿಮ್ಮ ಮುಂದೆ ಗಾಜು ಇತ್ತಕ್ಕಾ’ ಎಂದಳು. ನಾನು ಹೆಂಗಸರ ಸಹಾಯವಾಣಿಯ ನಂಬರು, 181 ಎಂದು ಸ್ಲಿಪ್ಪಿನ ಹಿಂದೆ ಬರೆದುಕೊಟ್ಟೆ. ತೆಗೆದುಕೊಂಡಳು. ಓದಲು ಬರುತ್ತದೆಯೇ ಎಂದು ಕೇಳಲು ಹೋಗಲಿಲ್ಲ. ಅಂಕಿ ಎಲ್ಲರಿಗೂ ಬರುತ್ತದೆ.

ಆ ದಿನವೇ ಕಿರಾಣಿ ಅಂಗಡಿಯಿಂದ ಇನ್ನೂರು ಪುಟದ ಒಂದು ನೋಟ್‌ಬುಕ್ ತಂದೆ. ಬ್ಯಾಂಕಿನಲ್ಲಿ ಯಾವುದಕ್ಕೆ ರಿಜಿಸ್ಟರ್ ಇಲ್ಲವೋ ಅದು ನಡೆದೇ ಇಲ್ಲ ಎಂದು ಅರ್ಥ. ಮೇಲೆ ‘ಸಿಬ್ಬಂದಿ ಸುರಕ್ಷತಾ ಪುಸ್ತಕ’ ಎಂದು ಬರೆದು, ನಾಲ್ಕು ಕಾಲಂ ಗೆರೆ ಎಳೆದೆ: ದಿನಾಂಕ, ಸಮಯ, ಏನಾಯಿತು, ಏನು ಮಾಡಿದೆವು. ಮೊದಲ ತಿಂಗಳು ನಾನೊಬ್ಬಳೇ ಬರೆಯುತ್ತಿದ್ದೆ. ಆಮೇಲೆ ಫೀಲ್ಡ್ ಆಫೀಸರ್ ಹುಡುಗ ಬರೆದ: ಸಾಲ ವಸೂಲಿಗೆ ಹೋದಾಗ ನಾಯಿ ಬಿಟ್ಟರು. ಅವನು ಅದುವರೆಗೂ ಇದನ್ನು ಯಾರಿಗೂ ಹೇಳಿರಲಿಲ್ಲ, ಪ್ಯಾಂಟು ತಂತಿಗೆ ಸಿಕ್ಕಿ ಹರಿಯಿತು ಎಂದಿದ್ದ. ಜವಾನ ಬರೆದ: ಜನರೇಟರ್ ಕೋಣೆಯಲ್ಲಿ ಹಾವು, ಎರಡು ಸಲ. ವ್ಯವಸ್ಥಾಪಕರು ಕೂಡ ಒಂದು ಸಂಜೆ, ಎಲ್ಲರೂ ಹೋದ ಮೇಲೆ, ಬರೆದಿದ್ದರು. ಯಾರೋ ರಾತ್ರಿ ಹನ್ನೆರಡಕ್ಕೆ ಫೋನ್ ಮಾಡಿ, ಮಗಳ ಶಾಲೆಯ ಹೆಸರು ಹೇಳಿ ಇಟ್ಟುಬಿಡುತ್ತಾರಂತೆ. ಮೂರು ಸಾಲ ತಿರಸ್ಕರಿಸಿದ ವಾರ ಅದು. ಮರುದಿನ ಬೆಳಿಗ್ಗೆ ಸ್ಟ್ರಾಂಗ್ ರೂಮಿನ ಮುಂದೆ ಇಬ್ಬರೂ ಕೀಲಿಕೈ ತಿರುಗಿಸುವಾಗ, ಠಾಣೆಗೆ ಹೋಗೋಣವೇ ಎಂದು ನಾನು ಕೇಳಿದೆ. ಗ್ರಾಹಕರ ಜೊತೆ ವ್ಯವಹಾರ ಕೆಡುತ್ತದೆ ಎನ್ನಲಿಲ್ಲ. ಹೋಗೋಣ ಎಂದರು.

ನಮ್ಮಲ್ಲಿ ಒಬ್ಬ ಬ್ಯಾಂಕ್ ಮಿತ್ರ ಇದ್ದಾಳೆ, ಇಪ್ಪತ್ತಾರರ ಹುಡುಗಿ. ಸ್ಕೂಟಿಯ ಮೇಲೆ ಸಣ್ಣ ಯಂತ್ರ ಇಟ್ಟುಕೊಂಡು ತಾಂಡಾಗಳಿಗೆ ಹೋಗಿ ಮುದುಕರ ಪಿಂಚಣಿ ಕೊಟ್ಟುಬರುತ್ತಾಳೆ. ಚೀಲದಲ್ಲಿ ನಗದು, ಜೊತೆಗೆ ಯಾರೂ ಇಲ್ಲ. ಸಂಬಳ ಬೇರೆ ಸಂಸ್ಥೆಯದು. ಒಂದು ದಿನ ಅವಳು ಗೋಡೆಯ ಮೇಲಿನ ಲೈಂಗಿಕ ಕಿರುಕುಳ ತಡೆ ಸಮಿತಿಯ ಪೋಸ್ಟರಿನ ಮುಂದೆ ನಿಂತು, ‘ಅಕ್ಕಾ, ಇದರಲ್ಲಿ ನಾನು ಬರುತ್ತೇನೆಯೇ?’ ಎಂದು ಕೇಳಿದಳು. ಏಕೆ ಕೇಳಿದಳು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಬರುತ್ತೀಯ ಎಂದೆ. 2013ರ ಕಾಯ್ದೆಗೆ ಕಾಯಂ, ಗುತ್ತಿಗೆ, ದಿನಗೂಲಿ, ತರಬೇತಿ ಎಂಬ ಭೇದವಿಲ್ಲ. ಕೆಲಸದ ನಿಮಿತ್ತ ಹೋದ ತಾಂಡಾವೂ ಕೆಲಸದ ಸ್ಥಳವೇ. ಹತ್ತು ಮಂದಿ ಇರುವ ಕಡೆ ಒಳಸಮಿತಿ ಇರಲೇಬೇಕು, ಅಧ್ಯಕ್ಷತೆ ಹಿರಿಯ ಮಹಿಳೆಯದೇ, ಹೊರಗಿನ ಒಬ್ಬ ಸದಸ್ಯರಿರಬೇಕು. ಹತ್ತಕ್ಕಿಂತ ಕಡಿಮೆ ಇದ್ದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬಹುದು. ಮೂರು ತಿಂಗಳೊಳಗೆ ಬರೆದುಕೊಡಬೇಕು, ತೊಂಬತ್ತು ದಿನದಲ್ಲಿ ವಿಚಾರಣೆ ಮುಗಿಯಬೇಕು. ಇದೆಲ್ಲ ಬಾಯಿಪಾಠ ಒಪ್ಪಿಸಿದ ಮೇಲೆ ಇಬ್ಬರೂ ಪೋಸ್ಟರಿನಲ್ಲಿದ್ದ ನಂಬರುಗಳಿಗೆ ಫೋನ್ ಮಾಡಿದೆವು. ಒಬ್ಬರು ವರ್ಗವಾಗಿ ಹೋಗಿದ್ದರು, ಒಬ್ಬರು ನಿವೃತ್ತರು, ಮೂರನೆಯ ನಂಬರು ಕಲಬುರಗಿಯ ಯಾವುದೋ ಮನೆಗೆ ಹೋಯಿತು, ಒಬ್ಬ ಹುಡುಗ ಅಮ್ಮ ನಮಾಜಿಗೆ ಕುಳಿತಿದ್ದಾರೆ, ಆಮೇಲೆ ಮಾಡಿ ಎಂದ. ಆಮೇಲೆ ಮಾಡಿದೆವು. ಆ ಅಮ್ಮನೇ ಸಮಿತಿಯ ಹೊರಗಿನ ಸದಸ್ಯೆ. ಗಂಟೆಗಟ್ಟಲೆ ಮಾತನಾಡಿದರು. ಕಲಬುರಗಿಗೆ ಬೀದರಿನಿಂದ ನೇರ ರೈಲು 2017ರಿಂದ ಇದೆ ಎಂಬುದು ಎಷ್ಟು ದೊಡ್ಡ ಸೌಕರ್ಯ ಎಂದು ಅಂದು ತಿಳಿಯಿತು. ದೂರಿನ ವಿವರ ಹೊರಗೆ ಹೇಳಬಾರದೆಂದು ಅದೇ ಕಾಯ್ದೆ ಹೇಳುತ್ತದೆ, ಆದ್ದರಿಂದ ಇಲ್ಲಿಗೇ ನಿಲ್ಲಿಸುತ್ತೇನೆ. ಪೋಸ್ಟರನ್ನು ಮಾತ್ರ ನಾನೇ ತಿದ್ದಿ ಹೊಸದಾಗಿ ಅಂಟಿಸಿದ್ದೇನೆ.

ಅಷ್ಟರಲ್ಲಿ ವಿಜಯಪುರ ಜಿಲ್ಲೆಯ ಎರಡು ಸುದ್ದಿಗಳು ನಮ್ಮ ಊಟದ ಮೇಜಿನ ಮೇಲೆ ಹಳೆಯದಾಗಿದ್ದವು. 2025ರ ಮೇ ತಿಂಗಳಲ್ಲಿ ಮನಗೂಳಿಯ ಬ್ಯಾಂಕಿನಿಂದ ಸುಮಾರು 59 ಕೆ.ಜಿ. ಚಿನ್ನ ಹೋಯಿತು, ಬಂಧಿತರಲ್ಲಿ ಅದೇ ಶಾಖೆಯ ಹಿಂದಿನ ವ್ಯವಸ್ಥಾಪಕರೂ ಇದ್ದರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಚಡಚಣದಲ್ಲಿ ಸಂಜೆಯ ಹೊತ್ತು ಮುಸುಕುಧಾರಿಗಳು ನುಗ್ಗಿ, ಸಿಬ್ಬಂದಿಯ ಕೈಕಾಲು ಕಟ್ಟಿಹಾಕಿ ನಗದು, ಚಿನ್ನ ಒಯ್ದರು. ಮನಗೂಳಿಯ ಬಗ್ಗೆ ಎಲ್ಲರೂ ಬಾಯಿ ತುಂಬ ಮಾತನಾಡುತ್ತಾರೆ. ಚಡಚಣದ ಮಾತು ಬಂದರೆ ಡಬ್ಬಿ ಮುಚ್ಚಿ ಎದ್ದುಬಿಡುತ್ತೇವೆ. ಆ ಹೊತ್ತು ನಮ್ಮ ಹೊತ್ತು. ಗ್ರಾಹಕರು ಹೋಗಿ, ಶಟರ್ ಅರ್ಧ ಇಳಿದು, ‘ಒಂದೇ ಒಂದು ಎಂಟ್ರಿ ಮಾಡಿಕೊಡಿ ಮೇಡಂ’ ಎಂದು ಯಾರೋ ಬಗ್ಗಿ ಒಳಗೆ ಬರುವ ಹೊತ್ತು. ಹದಿನಾರು ವರ್ಷ ನಾನು ಹಾಗೆ ಬಗ್ಗಿ ಬಂದವರಿಗೆ ಎಂಟ್ರಿ ಮಾಡಿಕೊಟ್ಟಿದ್ದೇನೆ. ಈಗ ಇಲ್ಲ. ನಾಲ್ಕರ ನಂತರ ಗ್ರಿಲ್‌ಗೆ ಒಳಗಿನಿಂದ ಬೀಗ. ಊರಿನ ಹಿರಿಯರೊಬ್ಬರು ‘ನನ್ನನ್ನೂ ಕಳ್ಳ ಎಂದುಕೊಂಡೆಯಾ ತಾಯಿ?’ ಎಂದು ನೊಂದುಕೊಂಡರು. ಅವರಿಗೆ ಗ್ರಿಲ್ಲಿನ ಆಚೆ ಕುರ್ಚಿ ಹಾಕಿಸಿ, ಚಹಾ ತರಿಸಿ, ಪಾಸ್‌ಬುಕ್ಕನ್ನು ಸರಳುಗಳ ನಡುವಿನಿಂದ ತೆಗೆದುಕೊಂಡು ಕೊಟ್ಟೆ. ಚಹಾ ಕುಡಿದರು. ಸಿಟ್ಟು ಇನ್ನೂ ಇದೆ.

ನಮ್ಮೊಳಗೆ ಒಂದು ಸಂಕೇತದ ಮಾತೂ ಇದೆ. ತೀರಾ ಸಾದಾ ಮಾತು, ದಿನಕ್ಕೆ ಹತ್ತು ಸಲ ಆಡಬಹುದಾದದ್ದು, ಆದರೆ ನಮ್ಮ ಶಾಖೆಯಲ್ಲಿ ಎಂದೂ ಆಡದ್ದು. ಅದನ್ನು ಯಾರಾದರೂ ಆಡಿದರೆ ಉಳಿದವರು ಏನು ಮಾಡಬೇಕೆಂಬುದು ಗೊತ್ತಿದೆ. ಒಮ್ಮೆ ಹೊಸ ಗುಮಾಸ್ತ ಮರೆತು ಆಡಿಬಿಟ್ಟ, ಫೀಲ್ಡ್ ಆಫೀಸರ್ 112ಕ್ಕೆ ಕರೆ ಮಾಡಿಯೇಬಿಟ್ಟ, ಪೊಲೀಸ್ ಗಾಡಿ ಬಂದಿತು. ಕ್ಷಮೆ ಕೇಳಿ ಚಹಾ ಕೊಟ್ಟು ಕಳುಹಿಸಿದೆವು. ಎಷ್ಟು ನಿಮಿಷಕ್ಕೆ ಬಂದರು ಎಂದು ಪುಸ್ತಕದಲ್ಲಿ ಬರೆದಿಟ್ಟೆ. ಆ ಅಂಕಿ ನನಗೆ ಧೈರ್ಯ ಕೊಟ್ಟಿತು ಎಂದಷ್ಟೇ ಹೇಳುತ್ತೇನೆ.

ಸಂಜೆ ಈಗ ಎಲ್ಲರೂ ಒಟ್ಟಿಗೆ ಹೊರಡುತ್ತೇವೆ. ಒಬ್ಬರ ಲೆಕ್ಕ ತಾಳೆಯಾಗದಿದ್ದರೆ ಎಲ್ಲರೂ ಕಾಯುತ್ತೇವೆ, ಕಾದು ಬೈಯುತ್ತೇವೆ. ಬಸ್ಸು ಈಗಲೂ ಗಿರಣಿಯ ಬಾಗಿಲಿಗೇ ನಿಲ್ಲುತ್ತದೆ. ಅವ್ವ ಕಂಡಕ್ಟರಿಗೆ ಏನು ಹೇಳಿದ್ದಾರೋ ಕೇಳಿಲ್ಲ. ಅವರ ಬಾಗಿಲ ಮೇಲೆ ಒಂದು ಬಲ್ಬು ಹಾಕಿಸಿದೆವು, ಕರೆಂಟು ಬಿಲ್ಲಿಗೆಂದು ತಿಂಗಳಿಗೆ ಐವತ್ತು ರೂಪಾಯಿ ಕೊಡಲು ಹೋದರೆ, ಬದಲಿಗೆ ನಿನ್ನ ಜೋಳ ಬೀಸಿಸಲು ಇಲ್ಲಿಗೇ ತಾ ಎಂದರು. ಹೀಗಾಗಿ ಈಗ ನಮ್ಮ ಮನೆಯ ರೊಟ್ಟಿಯ ಹಿಟ್ಟು ಔರಾದ್ ರಸ್ತೆಯಿಂದ ಬರುತ್ತದೆ.

ಚಿಲಕದ ವಿಷಯ ಮರೆತೆ. ಪುಸ್ತಕದ ಎರಡನೆಯ ಪುಟದಲ್ಲೇ ಅದನ್ನು ಬರೆದಿದ್ದೆ. ‘ಏನು ಮಾಡಿದೆವು’ ಎಂಬ ಕಾಲಂ ಖಾಲಿ ಇತ್ತು. ದುರಸ್ತಿಗೆ ಅನುಮತಿ ಕೋರಿದ ಪತ್ರ ಹೋಗಿ ವರ್ಷ ದಾಟಿತ್ತು. ಜನವರಿಯಲ್ಲಿ ಒಂದು ದಿನ ಆ ಖಾಲಿ ಕಾಲಂ ನೋಡಿ ನನಗೇ ನಾಚಿಕೆಯಾಯಿತು. ಕಬ್ಬಿಣದ ಅಂಗಡಿಯಲ್ಲಿ ಅರವತ್ತು ರೂಪಾಯಿಯ ಚಿಲಕ, ನಾಲ್ಕು ಸ್ಕ್ರೂ. ಜವಾನ ಹತ್ತು ನಿಮಿಷದಲ್ಲಿ ಕೂರಿಸಿದ. ಮೊದಲ ದಿನ ಒಳಗೆ ಹೋಗಿ ಚಿಲಕ ಹಾಕಿಕೊಂಡು, ಎರಡೂ ಕೈ ಖಾಲಿಯಾಗಿರುವುದನ್ನು ನೋಡಿಕೊಂಡು ಸುಮ್ಮನೆ ಸ್ವಲ್ಪ ಹೊತ್ತು ನಿಂತಿದ್ದೆ. ಅನುಮತಿ ಇನ್ನೂ ಬಂದಿಲ್ಲ.

ಕಳೆದ ತಿಂಗಳು ಆಡಿಟ್ ಬಂತು. ಲೆಕ್ಕ ಪರಿಶೋಧಕರು ರಿಜಿಸ್ಟರ್‌ಗಳ ರಾಶಿಯಲ್ಲಿ ನಮ್ಮ ನೋಟ್‌ಬುಕ್ಕನ್ನೂ ತೆಗೆದರು. ‘ಇದು ಪಟ್ಟಿಯಲ್ಲಿ ಇಲ್ಲವಲ್ಲ?’ ಎಂದರು. ಇಲ್ಲ ಸರ್ ಎಂದೆ. ಕನ್ನಡಕ ಏರಿಸಿಕೊಂಡು ಮೊದಲ ಪುಟದಿಂದ ಓದತೊಡಗಿದರು. ಚಹಾ ಆರಿತು. ಹಾವಿನ ಹತ್ತಿರ ನಕ್ಕರು, ಫೋನಿನ ಹತ್ತಿರ ನಿಂತರು, ಹಿಂದಕ್ಕೆ ತಿರುಗಿಸಿ ಕಲ್ಲಿನ ಮೇಲೆ ಕುಳಿತವನ ಸಾಲನ್ನು ಇನ್ನೊಮ್ಮೆ ಓದಿದರು. ಏನೂ ಹೇಳಲಿಲ್ಲ. ಹಸಿರು ಶಾಯಿಯ ಪೆನ್ನು ತೆಗೆದು ಪ್ರತಿ ಪುಟದ ಕೆಳಗೂ ಗುರುತು ಹಾಕಿದರು. ವರದಿಯಲ್ಲಿ ಈ ಪುಸ್ತಕದ ಬಗ್ಗೆ ಅವರು ಎತ್ತಿದ ಆಕ್ಷೇಪ ಒಂದೇ: ‘ಪುಟ ಸಂಖ್ಯೆ ದೃಢೀಕರಿಸಿಲ್ಲ.’

ಮರುದಿನ ವ್ಯವಸ್ಥಾಪಕರು ಕುಳಿತು ಎಲ್ಲ ಪುಟಗಳಿಗೂ ನಂಬರು ಹಾಕಿ, ಮೊದಲ ಪುಟದಲ್ಲಿ ‘ಈ ಪುಸ್ತಕದಲ್ಲಿ 200 ಪುಟಗಳಿವೆ’ ಎಂದು ಬರೆದು, ಸಹಿ ಮಾಡಿ, ಶಾಖೆಯ ಮೊಹರು ಒತ್ತಿದರು.